ಬಾಯಿ ನನ್ನದು, ಬ್ಯಾಟರಿಯೂ ನನ್ನದು

ನಾನು ಇ-ಸಿಗರೇಟು ಸೇದುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಜಿದ್ದಾದ ಈ ಅಜೀಜಿಯಾ ಬಡಾವಣೆಯಲ್ಲಿ ನಮ್ಮ ಕರಾವಳಿ ಕಡೆಯ ಹೆಂಗಸರು ನನ್ನ ವಿಷಯ ಎತ್ತಿದರೆ ಶುರುಮಾಡುವುದೇ ಇಲ್ಲಿಂದ, ಅವರಿಗೆ ಆ ಶ್ರಮ ಬೇಡ. ನನಗೆ ವಯಸ್ಸು ಐವತ್ತು ದಾಟಿದೆ. ಮಗಳಿಗೆ ಮದುವೆ ಮಾಡಿಕೊಟ್ಟಾಗಿದೆ. ನಮಾಜು ತಪ್ಪಿಸುವವಳಲ್ಲ. ಬಂಗುಡೆ ಸಾರು ನನ್ನಷ್ಟು ಚೆನ್ನಾಗಿ ಮಾಡುವವರು ನಮ್ಮ ಬಿಲ್ಡಿಂಗಿನಲ್ಲಿ ಇಲ್ಲ ಎಂದು ನನ್ನನ್ನು ಆಡಿಕೊಳ್ಳುವವರೇ ಒಪ್ಪುತ್ತಾರೆ, ಒಪ್ಪಿ ಎರಡನೇ ಸಲ ಬಡಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಇದ್ದೂ ನಾನು ಇ-ಸಿಗರೇಟು ಸೇದುತ್ತೇನೆ.

ನನ್ನದು ದಪ್ಪ ಪೆನ್ನಿನಂಥ ಕಪ್ಪು ಬ್ಯಾಟರಿ. ಅದರ ತಲೆಗೆ ದ್ರವ ತುಂಬಿದ ಪುಟ್ಟ ಟ್ಯಾಂಕನ್ನು ತಿರುಪಿ ಕೂರಿಸಬೇಕು. ಬುಡದಲ್ಲಿ ತಿರುಗಿಸುವ ಒಂದು ಗುಂಡಿಯಿದೆ, ಸುತ್ತಲೂ 3.3ರಿಂದ 4.8ರ ತನಕ ಅಂಕಿಗಳಿವೆ. ಅವು ವೋಲ್ಟುಗಳು. ಮೇಲಕ್ಕೆ ತಿರುಗಿಸಿದರೆ ಟ್ಯಾಂಕಿನೊಳಗಿನ ತಂತಿ ಜಾಸ್ತಿ ಕಾಯುತ್ತದೆ, ಹೊಗೆ ದಟ್ಟವಾಗಿ ಬಂದು ಗಂಟಲಿಗೆ ಗುದ್ದುತ್ತದೆ. ಕೆಳಕ್ಕೆ ತಿರುಗಿಸಿದರೆ ತೆಳ್ಳಗೆ, ಮೆತ್ತಗೆ ಬರುತ್ತದೆ. ಅದು ಹೊಗೆಯಲ್ಲ, ಬರೀ ಆವಿ ಎಂದು ವಾದ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ಬಾಯಿಂದ ಬಂದದ್ದು ಬಂದದ್ದೇ, ಅದಕ್ಕೆ ಒಳ್ಳೆಯ ಹೆಸರಿಟ್ಟು ಯಾರ ಕೈಯಿಂದಲೂ ಸರ್ಟಿಫಿಕೇಟು ಪಡೆಯುವ ಆಸೆ ನನಗಿಲ್ಲ.

ಆದರೆ ಆ ಗುಂಡಿಯ ಮೇಲೆ ನನಗೆ ಪ್ರೀತಿ ಇದೆ. ನನ್ನ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ಗಂಡನ ಹೆಸರಿನ ಕೆಳಗೆ, ಗಂಡನ ಇಕಾಮಾ ಅವರ ಕೆಲಸದ ಧಣಿ ಕಫೀಲನ ಹೆಸರಿನ ಕೆಳಗೆ. ಮನೆಯ ಎ.ಸಿ. ಎಷ್ಟು ತಣ್ಣಗಿರಬೇಕು, ಊರಿಗೆ ಯಾವಾಗ ಹೋಗಬೇಕು, ಮಗಳು ಯಾವ ಕಾಲೇಜು ಸೇರಬೇಕು ಎಂಬುದನ್ನೆಲ್ಲ ಬೇರೆಯವರೇ ನಿರ್ಧರಿಸಿ ನನಗೆ ತಿಳಿಸಿದ್ದಾರೆ. ಈ ಗುಂಡಿಯನ್ನು ಮಾತ್ರ ಎಷ್ಟಕ್ಕೆ ತಿರುಗಿಸಬೇಕೆಂದು ಯಾರೂ ನನಗೆ ಹೇಳಿಲ್ಲ. ಹೇಳಲು ಬಂದವರಿಗೆ ನಾನು ಕಿವಿ ಕೊಡಲಿಲ್ಲ.

ಇದಕ್ಕೆ ಮೊದಲು ನಾನು ಏನು ಮಾಡುತ್ತಿದ್ದೆ ಎಂಬುದನ್ನು ಯಾರೂ ಆಡಿಕೊಳ್ಳುವುದಿಲ್ಲ. ನಾನು ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುತ್ತಿದ್ದೆ. ನಮ್ಮ ಕಡೆ ಅದು ಹೆಂಗಸಿಗೆ ಭೂಷಣ. ನನ್ನನ್ನು ಹೆತ್ತ ಉಮ್ಮ, ಉಮ್ಮನ ಉಮ್ಮ, ಸೊಂಟಕ್ಕೆ ಬಟ್ಟೆಯ ಚೀಲ ಸಿಕ್ಕಿಸಿಕೊಂಡು ಜಗಿದವರೇ. ನನಗೆ ಹುಡುಗಿಯಾಗಿದ್ದಾಗ ಹಲ್ಲುನೋವು ಬಂದರೆ ಉಮ್ಮ ಚಿಟಿಕೆ ಹೊಗೆಸೊಪ್ಪು ಹಲ್ಲಿನ ಬುಡಕ್ಕೆ ಒತ್ತಿ ಕಚ್ಚಿಕೋ ಅನ್ನುತ್ತಿದ್ದರು. ನೋವು ಹೋಗುತ್ತಿತ್ತು, ತಲೆ ತಿರುಗುತ್ತಿತ್ತು, ಆ ತಿರುಗುವುದು ಹಿತವಾಗಿತ್ತು. ಮದುವೆಯ ಹೊತ್ತಿಗೆ ನಾನು ಪಳಗಿದ್ದೆ. ಮದುವೆಮನೆಯಲ್ಲಿ ದೊಡ್ಡ ಹೆಂಗಸರ ನಡುವೆ ಕೂತು ಎಲೆತಟ್ಟೆಗೆ ಕೈಹಾಕಿದರೆ ಹೆಣ್ಣು ಗಂಭೀರವಾಗಿದ್ದಾಳೆ ಎಂದು ಮೆಚ್ಚಿಕೊಳ್ಳುತ್ತಿದ್ದರು. ಅಂಗಳದ ಮೂಲೆಯೆಲ್ಲ ಕೆಂಪಾಗುವಂತೆ ಉಗುಳಿದರೂ ಮರ್ಯಾದೆಗೆ ಒಂದು ಕಲೆ ಆಗುತ್ತಿರಲಿಲ್ಲ.

ಜಿದ್ದಾಕ್ಕೆ ಬಂದ ಮೇಲೂ ಚಟ ನಿಲ್ಲಲಿಲ್ಲ. ಇಲ್ಲಿ ಹೊಗೆಸೊಪ್ಪು ತರುವಂತಿಲ್ಲ, ಮಾರುವಂತಿಲ್ಲ. ಆದರೂ ರಜೆ ಮುಗಿಸಿ ಬರುವವರ ಕಾರ್ಟನಿನಲ್ಲಿ ಒಣಮೀನಿನ ಕೆಳಗೋ ಕುಚ್ಚಲಕ್ಕಿಯ ನಡುವೆಯೋ ನನಗೊಂದು ಸುರುಳಿ ಬಂದೇ ಬರುತ್ತಿತ್ತು. ಎಡ ಕೆನ್ನೆಯ ಒಳಗೆ ಇಟ್ಟುಕೊಂಡು ಅಡುಗೆ, ಇಸ್ತ್ರಿ, ಮಗಳ ಹೋಂವರ್ಕು ಎಲ್ಲ ಮುಗಿಸುತ್ತಿದ್ದೆ.

ಆ ಎಡ ಕೆನ್ನೆಯೊಳಗೇ ಬಿಳಿ ಕಲೆ ಎದ್ದಿತು. ಮೊದಲು ಸುಣ್ಣ ಸುಟ್ಟದ್ದು ಅಂದುಕೊಂಡೆ. ಉಜ್ಜಿದರೆ ಹೋಗಲಿಲ್ಲ. ಮೆಣಸಿನ ಸಾರು ತಾಗಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿ. ಹಲ್ಲು ತೋರಿಸುವ ನೆಪದಲ್ಲಿ ಕ್ಲಿನಿಕ್ಕಿಗೆ ಹೋದೆ. ಅಲ್ಲಿನ ಡಾಕ್ಟರು ಈಜಿಪ್ಟಿನ ಹೆಂಗಸು, ನನಗಿಂತ ಚಿಕ್ಕವಳು, ನಗುವ ಅಭ್ಯಾಸವಿಲ್ಲದವಳು. ಕನ್ನಡಿ ಹಿಡಿದು ನೋಡಿದಳು, ಒಂದು ಚೂರು ಕೊಯ್ದು ತೆಗೆದು ಪರೀಕ್ಷೆಗೆ ಕಳಿಸಿದಳು, ಹೊಲಿಗೆ ಹಾಕಿದಳು. ಫಲಿತಾಂಶ ಬಂದ ದಿನ ಇದು ಇವತ್ತು ಕ್ಯಾನ್ಸರ್ ಅಲ್ಲ, ಹೀಗೇ ಜಗಿಯುತ್ತಿದ್ದರೆ ಆಗುತ್ತದೆ ಎಂದಳು. ಕಲೆಯನ್ನು ಪೂರ್ತಿ ಕೆರೆದು ತೆಗೆಯಬೇಕೆಂದಳು. ಆಮೇಲೆ ಕೈಯಲ್ಲಿ ಗಾಳಿಯನ್ನು ಕೊಯ್ದು, “ತಂಬಾಕು ಖಲಾಸ್” ಅಂದಳು. ಅದರ ಅರ್ಥ ಜೊತೆಗೆ ಬಂದಿದ್ದ ನನ್ನ ಗಂಡನಿಗೂ ತಿಳಿಯಿತು.

ಹೊರಗೆ ಬಂದು ಕಾರಿನಲ್ಲಿ ಕೂತು ನಾನು ಅತ್ತೆ. ಹೆದರಿ ಅತ್ತದ್ದು ಅರ್ಧ, ಇನ್ನು ಹೊಗೆಸೊಪ್ಪು ಇಲ್ಲವಲ್ಲ ಎಂದು ಅತ್ತದ್ದು ಅರ್ಧ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಚಟ ಬಿಡಿ ಎಂದು ಬೋಧನೆ ಮಾಡುವವರು ಒಂದು ವಾರ ಬಿಟ್ಟು ನೋಡಲಿ, ಆಮೇಲೆ ಬಾಯಿ ತೆರೆಯಲಿ.

ಬಿಟ್ಟೆ. ಕಲೆಯನ್ನೂ ಕೊಯ್ದು ತೆಗೆಸಿಕೊಂಡೆ. ಲವಂಗ ಜಗಿದೆ, ಏಲಕ್ಕಿ ಜಗಿದೆ, ಚೂಯಿಂಗ್ ಗಮ್ಮು ಜಗಿದು ದವಡೆ ನೋಯಿಸಿಕೊಂಡೆ. ಗಂಡ ಕೆಮ್ಮಿದರೆ ಸಿಟ್ಟು, ಕೆಮ್ಮದಿದ್ದರೆ ಸಿಟ್ಟು. ಎರಡು ಸಲ ಸೋತು, ಅಡಗಿಸಿಟ್ಟಿದ್ದ ಚೂರನ್ನು ಹುಡುಕಿ ಕೆನ್ನೆಗೆ ಇಟ್ಟೆ, ಹೊಲಿಗೆಯ ಪಕ್ಕದಲ್ಲೇ. ಆಗ ನನಗೆ ನನ್ನ ಮೇಲೇ ಭಯವಾಯಿತು.

ಬ್ಯಾಟರಿ ಸಿಕ್ಕಿದ್ದು ಆಗ. ಅದು ಗಂಡನದ್ದು. ಅವರು ಸಿಗರೇಟು ಬಿಡುತ್ತೇನೆಂದು ಒಮ್ಮೆ ಭಾರೀ ಶಪಥ ಮಾಡಿ ತಂದಿದ್ದರು. ಜಾಸ್ತಿ ಇದ್ದರೆ ಒಳ್ಳೆಯದಲ್ಲವೇ ಎಂದು ಮೊದಲ ದಿನವೇ 4.8ಕ್ಕೆ ತಿರುಗಿಸಿ, ಹೊಸ ತಂತಿಯೊಳಗಿನ ಹತ್ತಿ ದ್ರವದಲ್ಲಿ ನೆನೆಯುವ ಮೊದಲೇ ಎಳೆದು, ಸುಟ್ಟ ಚಿಂದಿಯ ರುಚಿ ಬಾಯಿ ತುಂಬ ತುಂಬಿಕೊಂಡು ಬಾಲ್ಕನಿಯಿಂದ ಓಡಿಬಂದಿದ್ದರು. ಶಪಥ ಅಲ್ಲಿಗೆ ಮುಗಿಯಿತು, ಅವರು ಸಿಗರೇಟಿಗೆ ವಾಪಸಾದರು. ಬ್ಯಾಟರಿ ಅಡುಗೆಮನೆಯ ಡ್ರಾಯರಿನಲ್ಲಿ ಹಳೇ ರಿಮೋಟುಗಳ ಜೊತೆ ಬಿದ್ದಿತ್ತು. ಕುಣಿಯಲು ಬಾರದವರು ನೆಲ ಡೊಂಕು ಅಂದರಂತೆ. ನಾನು ಚಾರ್ಜಿಗೆ ಹಾಕಿದೆ.

ಅಂಗಡಿಗೆ ನಾನೇ ಹೋದೆ. ಗಂಡ ಕಾರಿನಲ್ಲೇ ಕೂತರು, ಯಾರಾದರೂ ನಮ್ಮವರು ನೋಡಿದರೆ ಎಂದು. ಅಂಗಡಿಯ ಸೌದಿ ಯುವಕ ಹೊಸ ತಂತಿ, ಕಡಿಮೆ ನಿಕೋಟಿನಿನ ದ್ರವ ಕೊಟ್ಟು, “ಶ್ವಯ್ಯ ಶ್ವಯ್ಯ” ಎಂದ, ಅಂದರೆ ನಿಧಾನ, ಸ್ವಲ್ಪ ಸ್ವಲ್ಪ. ಮನೆಗೆ ಬಂದು ದ್ರವ ತುಂಬಿಸಿ, ಹತ್ತಿ ನೆನೆಯಲಿ ಎಂದು ಅನ್ನದ ಗಂಜಿ ಬಾಗಿಸುವ ತನಕ ಕಾದೆ. ಗುಂಡಿಯನ್ನು ಕೆಳಗಿನ ತುದಿಗೆ ಇಟ್ಟು ಎಳೆದೆ. ಏನೂ ಗೊತ್ತಾಗಲಿಲ್ಲ. ಸ್ವಲ್ಪ ಮೇಲೆ ತಿರುಗಿಸಿದೆ. 3.8ರ ಹತ್ತಿರ ಬಂದಾಗ ಎದೆಯೊಳಗೆ ಏನೋ ಸಡಿಲವಾಯಿತು. ಅವತ್ತು ಗಂಡನಿಗೆ ಬೈಯದೆ ಊಟ ಬಡಿಸಿದೆ, ಅವರಿಗೆ ಅನುಮಾನವೇ ಬಂತು.

ಮತ್ತೆ ಹೊಗೆಸೊಪ್ಪು ಮುಟ್ಟಲಿಲ್ಲ. ಡಾಕ್ಟರು ಮುಂದಿನ ಸಲ ಕೆನ್ನೆ ಎಳೆದು ನೋಡಿ ಗಾಯ ಮಾಯುತ್ತಿದೆ ಎಂದಳು. ಬ್ಯಾಟರಿ ತೋರಿಸಿದಾಗ ಇದೂ ಒಳ್ಳೆಯದಲ್ಲ, ಇದನ್ನೂ ಬಿಡಬೇಕು ಎಂದು ಗದರಿದಳು. ಹೌದು, ಬಿಡಬೇಕು. ನಾನು ಅದನ್ನು ಮದ್ದು ಎಂದು ಎಲ್ಲಿಯೂ ಹೇಳಿಲ್ಲ. ಬಾವಿಗೆ ಬಿದ್ದವಳಿಗೆ ಹಗ್ಗ ಸಿಕ್ಕಿತು, ಹಗ್ಗ ಕೈ ತರಚುತ್ತದೆ ಎಂದು ಬಿಡಲು ನಾನು ತಯಾರಿರಲಿಲ್ಲ.

ಇನ್ನು ನಮ್ಮವರ ಮಾತು. ನಮ್ಮ ಮೇಲಿನ ಮನೆಯಾಕೆ ಊರಿನಲ್ಲಿ ನಮ್ಮ ಪಕ್ಕದ ಮಸೀದಿ ಜಮಾತಿನವಳು. ಆಕೆ ಒಂದು ಸಂಜೆ ಬಾಲ್ಕನಿಯಿಂದ ಬಗ್ಗಿ, ಕೆಳಗಿನ ಬಾಲ್ಕನಿಯಲ್ಲಿ ನಾನು ಹೊಗೆ ಬಿಡುವುದನ್ನು ಕಂಡಳು. ವಾರದೊಳಗೆ ಅಜೀಜಿಯಾಕ್ಕೆಲ್ಲ ಸುದ್ದಿಯಾಯಿತು. ಅವಳ ಗಂಡ ಪ್ರತಿ ಗುರುವಾರ ಗೆಳೆಯರ ಜೊತೆ ಶೀಶಾ, ಅಂದರೆ ಹುಕ್ಕಾ, ಎಳೆದು ಬರುತ್ತಾನೆ, ಅದು ಗಂಡಸರ ಸುಸ್ತು ಕಳೆಯುವ ವಿಷಯ. ನನ್ನ ಗಂಡ ಸಿಗರೇಟು ಸೇದುತ್ತಾರೆ, ಅದಕ್ಕೆ ಪಾಪ ಟೆನ್ಶನ್ ಕಾರಣ. ಅವಳದೇ ಮನೆಯ ಫ್ರಿಜ್ಜಿನಲ್ಲಿ ಹೊಗೆಸೊಪ್ಪಿನ ಸುರುಳಿ ಇರುವುದು ನನಗೆ ಗೊತ್ತು, ಎಷ್ಟೋ ಸಲ ಅರ್ಧ ಪಾಲು ನನಗೆ ಕೊಟ್ಟವಳು ಅವಳೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹಗಲಿಡೀ ವಿಷ ಜಗಿದರೆ ಕುಲೀನೆ, ಬಾಯಿಂದ ಸ್ವಲ್ಪ ಬಿಳಿ ಗಾಳಿ ಬಂದರೆ ಹಾದಿ ತಪ್ಪಿದವಳು.

ರಮ್ಜಾನಿನಲ್ಲಿ ಹಗಲು ಸೇದುತ್ತೀಯಾ ಎಂದು ಕೂಡ ಕೇಳಿಸಿದರು. ಉಪವಾಸ ಅಂದರೆ ಉಪವಾಸ. ಬ್ಯಾಟರಿಯ ಪಕ್ಕದಲ್ಲಿರುವ ಬೇರೆ ಒತ್ತುಗುಂಡಿಯನ್ನು ಐದು ಸಲ ಒತ್ತಿದರೆ ಅದು ಆರುತ್ತದೆ, ಸೂರ್ಯ ಮುಳುಗುವಾಗಿನ ಮಗ್ರಿಬ್ ಬಾಂಗಿನ ತನಕ ಆರಿಯೇ ಇರುತ್ತದೆ. ಊರಿಗೆ ರಜೆಯಲ್ಲಿ ಹೋಗುವಾಗಲೂ ಒಯ್ಯುವುದಿಲ್ಲ, ನಮ್ಮ ದೇಶದಲ್ಲಿ ಇದಕ್ಕೆ ನಿಷೇಧವಿದೆ. ಅಲ್ಲಿ ಇಳಿದ ಕೂಡಲೇ ಕಾಣುವುದು ಮಾತ್ರ ಗೂಡಂಗಡಿಯಲ್ಲಿ ತೋರಣದ ಹಾಗೆ ತೂಗುವ ತಂಬಾಕಿನ ಪ್ಯಾಕೆಟ್ಟುಗಳು. ರಜೆ ಮುಗಿಯುವ ತನಕ ನಾನು ಲವಂಗ ಮತ್ತು ಸಿಟ್ಟು ಎರಡನ್ನೂ ಜಗಿಯುತ್ತಾ ಇರುತ್ತೇನೆ.

ಹೀಗಿರುವಾಗ ಅತ್ತೆ ವಿಸಿಟ್ ವೀಸಾದಲ್ಲಿ ಮೆಕ್ಕಾದ ಉಮ್ರಾ ಯಾತ್ರೆಗೆಂದು ಬರುವುದು ನಿಶ್ಚಯವಾಯಿತು. ನಾವು ಮನೆಯಲ್ಲಿ ಬ್ಯಾರಿ ಮಾತಾಡುವವರು, ಅವರನ್ನು ನಾನು ಮಾಮಿ ಎಂದು ಕರೆಯುತ್ತೇನೆ. ಅವರಾಡಿದ್ದನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅವರು ಕೆಟ್ಟ ಅತ್ತೆ ಅಲ್ಲ. ನನ್ನ ಹೆರಿಗೆಯಲ್ಲಿ ಸ್ವಂತ ಉಮ್ಮನಿಗಿಂತ ಹೆಚ್ಚು ನೋಡಿಕೊಂಡವರು. ಆದರೆ ಅವರ ಮಾತು ಅಂದರೆ ನಮ್ಮ ಕುಟುಂಬದಲ್ಲಿ ಕೊನೆಯ ಮಾತು, ಮತ್ತು ಅವರ ಕೆನ್ನೆಯೊಳಗೆ ಎಲೆಯ ಉಂಡೆ ಇಲ್ಲದ ಹೊತ್ತನ್ನು ನಾನು ಕಂಡದ್ದು ನಮಾಜಿನಲ್ಲಿ ಮತ್ತು ನಿದ್ದೆಯಲ್ಲಿ ಮಾತ್ರ.

ಗಂಡ ಬ್ಯಾಟರಿ ಅಡಗಿಸಿಡು ಎಂದು ಬೇಡಿಕೊಂಡರು, ವೀಸಾ ಮುಗಿದು ಅಮ್ಮ ಹೋಗುವ ತನಕ. ನನ್ನ ಬಾಯಿಯ ವಿಷಯ ಅವರು ಊರಿಗೆ ತಿಳಿಸಿರಲಿಲ್ಲ, ಹಲ್ಲು ಕೀಳಿಸಿದ್ದಾಳೆ ಎಂದಿದ್ದರು. ಬಾಯಿಗೆ ಬರುವ ಆ ಕಾಯಿಲೆಯ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಬರುತ್ತದೆ ಎಂಬ ನಂಬಿಕೆ. ನೀವು ನಿಮ್ಮ ಸಿಗರೇಟು ಬಿಡಿ, ನಾನು ಬ್ಯಾಟರಿ ಬೀರುವಿನಲ್ಲಿಡುತ್ತೇನೆ ಎಂದೆ. ಅವರು ಮಾತು ಬದಲಿಸಿದರು. ಅಮ್ಮ ಬಂದ ಮೇಲೆ ಅವರು ಸಿಗರೇಟಿಗೆ ಕೆಳಗೆ ಪಾರ್ಕಿಂಗಿಗೆ ಇಳಿಯತೊಡಗಿದರು. ಕೆಳಗಿಂದ ಬಂದ ಮಗನ ಅಂಗಿಯ ವಾಸನೆ ಅಮ್ಮನಿಗೆ ಗೊತ್ತಾಗುವುದಿಲ್ಲವಂತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಆಟವನ್ನು ನಮ್ಮ ಮನೆಯಲ್ಲಿ ಎಲ್ಲರೂ ಆಡುತ್ತಿದ್ದರು, ನನಗೆ ಮಾತ್ರ ಆ ಆಟ ಸಾಕಾಗಿತ್ತು.

ಅತ್ತೆಗೆ ಸುದ್ದಿ ಮೊದಲೇ ಮುಟ್ಟಿತ್ತು. ಮೇಲಿನ ಮನೆಯಾಕೆ ಊರಿಗೆ ಫೋನಿನಲ್ಲಿ ಹೇಳಿದ್ದಳು. ಬಂದ ಮರುದಿನ ಮಧ್ಯಾಹ್ನ, ಗಂಡ ಕೆಲಸಕ್ಕೆ ಹೋಗಿದ್ದಾಗ, ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ಊರಿನಿಂದ ತಂದ ಪತ್ತಿರಿ ರೊಟ್ಟಿಯ ಅಕ್ಕಿಹುಡಿಯ ದೊಡ್ಡ ಡಬ್ಬಿ ತೆರೆದು, ಮೊಣಕೈ ತನಕ ಕೈ ಇಳಿಸಿ, ಪ್ಲಾಸ್ಟಿಕಿನಲ್ಲಿ ಸುತ್ತಿದ ಒಂದು ಉಂಡೆ ಮೇಲೆತ್ತಿದರು. ಬಿಚ್ಚಿದರೆ ಹೊಗೆಸೊಪ್ಪು. ಒಳ್ಳೆಯ ಕರಿ ಜಾತಿಯದ್ದು, ನನ್ನ ಉಮ್ಮ ಇಷ್ಟಪಡುತ್ತಿದ್ದದ್ದು.

“ನಿನಗೇ ಅಂತ ತಂದದ್ದು,” ಎಂದರು. “ಆ ಪೈಪು ಬಿಸಾಡು. ಇಲ್ಲಿ ಸಿಗುದಿಲ್ಲ ಅಂತ ಅಲ್ವಾ ನೀನು ಆ ದಾರಿಗೆ ಹೋದದ್ದು.”

ಅವರ ಲೆಕ್ಕದಲ್ಲಿ ಅದು ಪೂರ್ತಿ ಸರಿ. ಒಳ್ಳೆಯ ಮನೆಯ ಸೊಸೆ ಹೊಗೆಸೊಪ್ಪು ಸಿಗದೆ ಕೆಟ್ಟುಹೋಗಿದ್ದಾಳೆ, ಹೊಗೆಸೊಪ್ಪು ಕೊಟ್ಟರೆ ಸರಿಯಾಗುತ್ತಾಳೆ. ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವ ಭಯವನ್ನೂ ನುಂಗಿಕೊಂಡು, ಉಮ್ರಾಕ್ಕೆ ಹೊರಟ ಹೆಂಗಸು, ನನ್ನನ್ನು ಮರ್ಯಾದೆಗೆ ತರಲು ಅದನ್ನು ಹೊತ್ತು ತಂದಿದ್ದರು. ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಆ ವಾಸನೆಗೆ ಬಾಯಿ ತುಂಬ ನೀರೂ ಬಂತು. ಚೂರು ಮುರಿದು ಕೆನ್ನೆಗೆ ಇಡಲು ಕೈ ಹೊರಟೇಬಿಟ್ಟಿತ್ತು. ಬೇಡ ಮಾಮಿ, ಡಾಕ್ಟರು ಬೇಡ ಅಂದಿದ್ದಾರೆ ಎಂದಷ್ಟೇ ಹೇಳಿ ಬಾಲ್ಕನಿಗೆ ಹೋದೆ. ಅವತ್ತು ಗುಂಡಿಯನ್ನು 4.2ರ ತನಕ ತಿರುಗಿಸಬೇಕಾಯಿತು. ಹಲ್ಲಿನ ಡಾಕ್ಟರಿಗೆ ಎಂತ ಗೊತ್ತು ಎಂದು ಒಳಗಿನಿಂದ ಅತ್ತೆ ಗೊಣಗುವುದು ಕೇಳುತ್ತಿತ್ತು.

ಅವರು ಅಷ್ಟಕ್ಕೆ ಬಿಡುವವರಲ್ಲ. ಉಮ್ರಾ ಮುಗಿಸಿ ಬಂದ ಮೇಲೆ ಹೆಂಗಸರು ಅವರನ್ನು ಕಾಣಲು ಬಂದರು. ಉಮ್ರಾ ಮಾಡಿ ಬಂದ ಹಿರಿಯರ ಹತ್ತಿರ ನಮಗಾಗಿ ಪ್ರಾರ್ಥಿಸಿ ಎಂದು ದುಆ ಕೇಳುವುದು ನಮ್ಮಲ್ಲಿ ವಾಡಿಕೆ. ಬಂದವರನ್ನು ಕೂರಿಸುವ ಮಜ್ಲಿಸಿನ ಕೋಣೆ ತುಂಬಿತ್ತು. ನೆಯ್‌ಪತ್ತಿರಿ, ಕೋಳಿ, ಖರ್ಜೂರ, ಮೆಕ್ಕಾದಿಂದ ತಂದ ಜಮ್‌ಜಮ್ ನೀರು ಎಲ್ಲ ಮುಗಿದ ಮೇಲೆ ಅತ್ತೆ ತಮ್ಮ ಎಲೆತಟ್ಟೆ ತರಿಸಿ ನಡುವೆ ಇಟ್ಟುಕೊಂಡರು. ಮೇಲಿನ ಮನೆಯಾಕೆ ಅವರ ಬಲಕ್ಕೇ ಕೂತಿದ್ದಳು.

ಅತ್ತೆ ಒಂದು ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಇಟ್ಟರು, ಹೊಗೆಸೊಪ್ಪು ಇಟ್ಟರು, ಮಡಚಿದರು. ನನ್ನನ್ನು ಎದುರಿಗೆ ಕರೆದು ಕೂರಿಸಿದರು. ಹಿರಿಯರು ತಾವೇ ಮಡಚಿದ ಎಲೆಯನ್ನು ಸೊಸೆಯ ಬಾಯಿಗೆ ಇಟ್ಟರೆ ಅದು ದೊಡ್ಡ ಪ್ರೀತಿ, ಎಲ್ಲರೆದುರು ಬೇಡ ಅನ್ನುವುದು ಅದಕ್ಕಿಂತ ದೊಡ್ಡ ಅವಮಾನ. ಕೋಣೆಯಲ್ಲಿದ್ದವರಿಗೆಲ್ಲ ಅದು ಗೊತ್ತಿತ್ತು. ಬಾಗಿಲ ಹೊರಗೆ ನಿಂತಿದ್ದ ಗಂಡ ಒಳಗೆ ಬರುವಂತಿರಲಿಲ್ಲ, ಬಂದಿದ್ದರೂ ಅವರು ಏನೂ ಅನ್ನುತ್ತಿರಲಿಲ್ಲ.

“ಬಾಯಿ ತೆರಿ,” ಎಂದರು ಅತ್ತೆ.

ತೆರೆದೆ. ಆದರೆ ಎಲೆಗಲ್ಲ. ಟ್ಯೂಬ್‌ಲೈಟಿನ ಕಡೆ ಮುಖ ಎತ್ತಿ, ಎಡ ಕೆನ್ನೆಯನ್ನು ಬೆರಳಿನಿಂದ ಹೊರಗೆಳೆದು ಹಿಡಿದೆ. ಕೊಯ್ದು ಹೊಲಿದ ಜಾಗ, ಸುಕ್ಕುಗಟ್ಟಿದ ಕಲೆ, ಎಲ್ಲ ಕಾಣಲಿ ಎಂದು ಒಬ್ಬೊಬ್ಬರ ಕಡೆಗೂ ತಿರುಗಿಸಿದೆ. ಮೇಲಿನ ಮನೆಯಾಕೆಗೆ ಸ್ವಲ್ಪ ಹೆಚ್ಚು ಹೊತ್ತು ತೋರಿಸಿದೆ. ಆಮೇಲೆ ಹೇಳಿದೆ.

“ಹಲ್ಲು ಕೀಳಿಸಿದ್ದಲ್ಲ ಮಾಮಿ. ಹೊಗೆಸೊಪ್ಪು ಇಟ್ಟ ಜಾಗ ಇದು. ಕ್ಯಾನ್ಸರ್ ಆಗುವ ಮೊದಲು ಕೊಯ್ದು ತೆಗೆದಿದ್ದಾರೆ. ನೀವು ಪ್ರೀತಿಯಲ್ಲೇ ಕೊಡುದು, ನನಗೆ ಗೊತ್ತುಂಟು. ಆದ್ರೆ ಇನ್ನು ಇದು ನನ್ನ ಬಾಯಿಗೆ ಹೋಗ್ಲಿಕ್ಕಿಲ್ಲ.”

ಆ ಕಾಯಿಲೆಯ ಹೆಸರು ಬಾಯಿಂದ ಬಂದದ್ದೇ ಒಬ್ಬಳು ಎದೆಗೆ ಕೈ ಇಟ್ಟುಕೊಂಡಳು. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ತಟ್ಟೆಯ ವಾಸನೆ ಮೂಗಿಗೆ ಬಡಿಯುತ್ತಿತ್ತು, ಮತ್ತು ನನಗೆ ಯಾರಿಗೂ ಹೆದರಿ ಬಾಲ್ಕನಿಗೆ ಓಡುವ ಮನಸ್ಸಿರಲಿಲ್ಲ. ಕಿಸೆಯಿಂದ ಬ್ಯಾಟರಿ ತೆಗೆದೆ. ಐದು ಸಲ ಒತ್ತಿ ಹೊತ್ತಿಸಿದೆ. ಹಿರಿಯರ ಎದುರು ಎಂದು ಗುಂಡಿಯನ್ನು 3.5ಕ್ಕೆ ಇಳಿಸಿದೆ, ನನ್ನ ಕಡೆಯಿಂದ ಅಷ್ಟು ಗೌರವ. ಒಂದು ಎಳೆತ ಎಳೆದು, ಮುಖ ಪಕ್ಕಕ್ಕೆ ತಿರುಗಿಸಿ ಹೊಗೆ ಬಿಟ್ಟೆ.

ಮೇಲಿನ ಮನೆಯಾಕೆ ಎದ್ದಳು, ಅವಳ ಹಿಂದೆ ಇನ್ನಿಬ್ಬರು ಎದ್ದರು. ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ಸಲಾಂ ಹೇಳುವುದನ್ನೂ ಮರೆತರು. ಉಳಿದವರು ಚಹಾ ಕುಡಿಯುವ ನೆಪದಲ್ಲಿ ಕೂತಿದ್ದು ಮೆಲ್ಲಗೆ ಹೋದರು. ಅತ್ತೆ ಮಡಚಿದ ಎಲೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. ಗಂಡ ಒಳಗೆ ಬಂದು, ನಾನು ಅವರ ಮುಖಕ್ಕೆ ಮಸಿ ಬಳಿದೆ ಎಂದರು. ಮಸಿ ತೊಳೆದರೆ ಹೋಗುತ್ತದೆ, ನನ್ನ ಕೆನ್ನೆ ಮತ್ತೆ ಬೆಳೆಯುತ್ತದಾ ಎಂದು ಕೇಳಿದೆ. ಅವರು ಪಾರ್ಕಿಂಗಿಗೆ ಇಳಿದುಹೋದರು.

ಮರುದಿನ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋದ ಮೇಲೆ ಅತ್ತೆ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. ನಾನು ಚಹಾ ಕೊಟ್ಟೆ. ಅವರು ಅದನ್ನು ಆರಲು ಬಿಟ್ಟರು. ಬೈಗುಳಕ್ಕೆ ನಾನು ಸಿದ್ಧವಾಗಿದ್ದೆ, ತಿರುಗಿಸಿ ಕೊಡಲು ಮಾತೂ ಜೋಡಿಸಿಟ್ಟಿದ್ದೆ.

“ಕೊಯ್ಯುವ ಮೊದಲು ನಿನಗೆ ಖಾರ ಉರೀತಿತ್ತಾ?” ಎಂದು ಕೇಳಿದರು.

ನಾನು ಒಲೆ ಆರಿಸಿದೆ. ಅತ್ತೆ ತಲೆವಸ್ತ್ರ ಸರಿಸಿ, ಕಿಟಕಿಯ ಬೆಳಕಿಗೆ ತಿರುಗಿ, ತಾವಾಗಿಯೇ ಬಾಯಿ ತೆರೆದರು. ಫೋನಿನ ಟಾರ್ಚು ಹಿಡಿದೆ. ಬಲಗೆನ್ನೆಯ ಒಳಗೆ ಬಿಳಿ ಕಲೆ, ನನ್ನದಕ್ಕಿಂತ ಅಗಲ, ನಡುವೆ ಕೆಂಪು ಹುಣ್ಣು. ಎಷ್ಟು ಸಮಯದಿಂದ ಎಂದರೆ ಕಳೆದ ಮಳೆಗಾಲದಿಂದ ಎಂದರು. ಯಾರಿಗೂ ಹೇಳಿರಲಿಲ್ಲ. ಸಾರಿಗೆ ನೀರು ಬೆರೆಸಿ ಉಣ್ಣುತ್ತಿದ್ದರಂತೆ, ಉರಿ ತಡೆಯಲು ಅದರ ಮೇಲೆಯೇ ಹೊಗೆಸೊಪ್ಪು ಒತ್ತುತ್ತಿದ್ದರಂತೆ. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತು ಅಂದರೆ, ಅಪ್ಪಿಕೊಂಡು ಬೈದೆ. ಅವರೂ ಬೈಸಿಕೊಂಡರು.

ಅಕ್ಕಿಹುಡಿಯ ಡಬ್ಬಿಯ ಉಂಡೆಯನ್ನೂ ಎಲೆತಟ್ಟೆಯ ಹೊಗೆಸೊಪ್ಪನ್ನೂ ಅವರ ಕೈಯಿಂದಲೇ ಕಸಕ್ಕೆ ಹಾಕಿಸಿದೆ. ಕ್ಲಿನಿಕ್ಕಿನಲ್ಲಿ ಸಮಯ ಸಿಕ್ಕಿದ್ದು ಕೆಲವು ದಿನ ಬಿಟ್ಟು. ಮೊದಲ ದಿನ ಅತ್ತೆ ಸುಮ್ಮನೆ ಇದ್ದರು. ಎರಡನೇ ದಿನ ತಲೆನೋವು, ಬೆವರು, ಮಗನ ಮೇಲೆ ಎಗರಾಟ. ಮೂರನೇ ದಿನ ಮಧ್ಯಾಹ್ನ ಅವರು ಕಸದ ಬುಟ್ಟಿಯ ಹತ್ತಿರ ನಿಂತಿದ್ದನ್ನು ಕಂಡೆ. ಬುಟ್ಟಿ ಖಾಲಿ ಎಂದು ಅವರಿಗೆ ಗೊತ್ತಿತ್ತು, ಆದರೂ ನಿಂತಿದ್ದರು. ಆ ನಿಲ್ಲುವುದು ಎಂಥದ್ದು ಎಂದು ನನಗೆ ಗೊತ್ತು.

ಬ್ಯಾಟರಿಗೆ ಹೊಸ ಟ್ಯಾಂಕು ಕೂರಿಸಿ ಗುಂಡಿಯನ್ನು 3.3ಕ್ಕೆ ಇಳಿಸಿದೆ. ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಅವರ ಕೈಗೆ ಕೊಟ್ಟೆ. ಒತ್ತಿ ಹಿಡಿದು ಎಳೆಯಬೇಕು, ಮೆಲ್ಲ ಎಳೆಯಿರಿ, ನುಂಗಬೇಡಿ ಎಂದು ಹೇಳಿಕೊಟ್ಟೆ. ಮೊದಲ ಎಳೆತಕ್ಕೆ ಕೆಮ್ಮಿದರು, ಥೂ ಎಂದರು, ವಾಪಸ್ ಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೆಗಲು ಕೆಳಗಿಳಿಯಿತು. ಗುಂಡಿಯನ್ನು ತಾವೇ ತಿರುಗಿಸಿ ನೋಡಿ, 4ರ ಹತ್ತಿರ ಮತ್ತೆ ಕೆಮ್ಮಿ, ಯಾರೂ ಹೇಳದೆಯೇ ಕೆಳಗಿಳಿಸಿದರು. ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸದ್ದು ನಿಂತಿತು. ಅತ್ತೆ ತಲೆಯೆತ್ತಿ ಆಕೆಯನ್ನು ನೋಡಿದರು, ಆಕೆ ಒಳಗೆ ಹೋದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ, ಆ ಸಂಜೆ ಇಬ್ಬರದ್ದೂ ಒಂದೇ ಕಾಲವಾಗಿತ್ತು.

ಈಜಿಪ್ಟಿನ ಡಾಕ್ಟರು ಅತ್ತೆಯ ಬಾಯಿ ನೋಡಿದ ಕೂಡಲೇ ಒಂದು ಚೂರು ಕೊಯ್ದು ತೆಗೆದಳು. ಪರೀಕ್ಷೆಗೆ ಕಳಿಸಿದಳು, ಫಲಿತಾಂಶ ಬಂದ ಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಿದಳು. ಆ ಕಾಯಿಲೆ ಶುರುವಾಗಿತ್ತು. ಆಳಕ್ಕೆ ಇಳಿದಿರಲಿಲ್ಲ. ಇನ್ನೊಂದು ಮಳೆಗಾಲ ಸುಮ್ಮನಿದ್ದಿದ್ದರೆ ದವಡೆಯನ್ನೇ ತೆಗೆಯಬೇಕಾಗುತ್ತಿತ್ತು ಎಂದು ಅಲ್ಲಿನವರು ಹೇಳಿದರು. ಬ್ಯಾಟರಿಯ ವಿಷಯ ನಾನೇ ಹೇಳಿದೆ, ಬೈಗುಳ ತಿಂದೆ, ಕೊಯ್ದ ಬಾಯಿಗೆ ಅದನ್ನು ತಾಗಿಸಕೂಡದು ಎಂಬ ಅಪ್ಪಣೆಯನ್ನು ಒಪ್ಪಿಕೊಂಡೆ. ಆಪರೇಷನ್ನಿಗೆ ಹೋಗುವ ಬೆಳಿಗ್ಗೆ ಅತ್ತೆಯೇ ಅದನ್ನು ನನ್ನ ಕೈಗೆ ವಾಪಸ್ ಕೊಟ್ಟು, ತಮಗೆ ಇನ್ನು ಇದೂ ಬೇಡ ಎಂದರು. ಅವರು ಬಿಟ್ಟರು. ನಾನು ಗುಂಡಿಯನ್ನು ಕೆಳಗಿಳಿಸುತ್ತಾ ಬಂದಿದ್ದೇನೆ, ಬಿಟ್ಟಿಲ್ಲ, ಬಿಟ್ಟಿದ್ದೇನೆ ಎಂದು ಸುಳ್ಳೂ ಹೇಳುವುದಿಲ್ಲ.

ಮನೆಗೆ ಬಂದು ಅತ್ತೆ ಗಂಜಿನೀರು ಕುಡಿಯುತ್ತಿದ್ದ ದಿನಗಳಲ್ಲಿ ಊರಿನಿಂದ ಮೈದುನನ ಫೋನು ಬಂತು. ಮೇಲಿನ ಮನೆಯಿಂದ ಹೊರಟ ಸುದ್ದಿ ಅವನಿಗೆ ತಲುಪಿತ್ತು. ಆಪರೇಷನ್ ಹೇಗಾಯಿತು ಎಂದು ಒಂದು ಮಾತು ಕೇಳಿ, ನೇರ ನನ್ನ ಮೇಲೆ ಬಂದ. ಉಮ್ರಾಕ್ಕೆ ಬಂದ ಅಮ್ಮನಿಗೆ ಸೊಸೆ ಸಿಗರೇಟು ಸೇದಿಸಿದ್ದಾಳೆ, ಜಮಾತಿನಲ್ಲಿ ತಲೆ ಎತ್ತುವಂತಿಲ್ಲ, ಮನೆತನದ ಮರ್ಯಾದೆ ಹೋಯಿತು ಎಂದು ಕೂಗಾಡಿದ. ಫೋನು ಸ್ಪೀಕರಿನಲ್ಲಿತ್ತು. ನಾನು ಉತ್ತರ ಕೊಡಲು ಬಾಯಿ ತೆರೆಯುವ ಮೊದಲು ಅತ್ತೆ ಕೈ ಚಾಚಿ ಅದನ್ನು ತೆಗೆದುಕೊಂಡರು.

“ಹೊಗೆ ಬಿಟ್ಟದ್ದು ನಾಲ್ಕು ದಿನ,” ಎಂದರು. “ಮರ್ಯಾದೆಯಲ್ಲಿ ಜಗಿದದ್ದು ನಲ್ವತ್ತು ವರ್ಷ. ಕೊಯ್ದದ್ದು ಯಾವುದಕ್ಕೆ ಅಂತ ಡಾಕ್ಟರ ಹತ್ರ ಕೇಳು.”

ಹೊಲಿಗೆ ಹಾಕಿದ ಬಾಯಿಯಲ್ಲಿ ಇಷ್ಟು ಹೇಳಲು ಅವರಿಗೆ ತುಂಬಾ ಹೊತ್ತು ಹಿಡಿಯಿತು. ಮೈದುನ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ.